ಅತ್ತೆಯವರ ಕಣ್ಣು, ಚಿಕ್ಕ ಸಾಹುಕಾರರ ಕಾರು

ದೊಡ್ಡಬಳ್ಳಾಪುರದಲ್ಲಿ ನಾವಿದ್ದ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಶೆಡ್ಡೂ ನಮ್ಮದಲ್ಲ, ಮನೆಯೂ ನಮ್ಮದಲ್ಲ. ಎರಡೂ ರೇಷ್ಮೆ ಮಗ್ಗದ ಸಾಹುಕಾರರಿಗೆ ಸೇರಿದ್ದು. ನಮ್ಮ ಮನೆಯವರು ಅವರಲ್ಲಿ ಡ್ರೈವರಾಗಿದ್ದರು. ಕಾರಿಗೊಂದು ಶೆಡ್ಡು, ಕಾರು ನೋಡಿಕೊಳ್ಳುವವನಿಗೊಂದು ಮನೆ ಎಂದು ಕೊಟ್ಟಿದ್ದರು. ಅಡಿಗೆಮನೆಯ ಕಿಟಕಿ ತೆರೆದರೆ ಶೆಡ್ಡೇ ಕಾಣುತ್ತಿತ್ತು. ಬೆಳಿಗ್ಗೆ ನಾನು ಒಲೆಗೆ ಕುಂಕುಮವಿಟ್ಟು ಕೈಮುಗಿಯುವ ಹೊತ್ತಿಗೆ ಅವರು ಆ ಕಡೆ ಕಾರಿನ ಗಾಜು ಒರೆಸುತ್ತಿದ್ದರು. ಇಬ್ಬರ ದಿನವೂ ಹಾಗೆ ಶುರುವಾಗುತ್ತಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆ ಶೆಡ್ಡಿಗೆ ಒಂದು ವಿಲಾಯಿತಿ ಕಾರು ಬಂತು. ದೇಶ ಬಿಟ್ಟು ಹೊರಟಿದ್ದ ಯಾರೋ ಬಿಳಿ ದೊರೆಯಿಂದ ಸಾಹುಕಾರರ ಮಗ ಕೊಂಡು ತಂದದ್ದು. ಮಗನನ್ನು ಎಲ್ಲರೂ ಚಿಕ್ಕ ಸಾಹುಕಾರರು ಎನ್ನುತ್ತಿದ್ದರು. ಮೀಸೆ ಆಗಷ್ಟೇ ದಪ್ಪವಾಗಿತ್ತು, ಮಾತು ಮಾತಿಗೂ ನಗು. ಕಡುಹಸಿರು ಬಣ್ಣದ ಕಾರು, ನಾಲ್ಕು ಬಾಗಿಲು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. "ನೋಡಕ್ಕೆ ಸಂಸಾರದ ಕಾರು ಅಕ್ಕಾ, ಒಳಗೆ ಓಟದ ಕುದುರೆ" ಎಂದು ನನಗೆ ತೋರಿಸಿದ್ದರು. ರಜೆಯ ದಿನ ಹಳೆಯದೊಂದು ವಿಮಾನದ ಮೈದಾನದಲ್ಲಿ ಕಾರುಗಳ ಓಟ ನಡೆಯುತ್ತಿತ್ತಂತೆ. ಅಲ್ಲಿಗೆ ಹೋಗುವುದೇ ಅವರ ಆಸೆ.

ಕಾರಿನ ಮೇಲೆ ಅವರ ದೂರು ಒಂದೇ. ತಿರುವಿನಲ್ಲಿ ವಾಲುತ್ತದೆ, ಬಸುರಿ ಎಮ್ಮೆಯ ಹಾಗೆ. ಅದಕ್ಕೆ ಚಕ್ರಗಳ ಮೇಲೆ ಕಾರನ್ನು ಹೊರುವ ಕಮಾನುಗಳನ್ನೆಲ್ಲ ಬದಲಾಯಿಸಿ ಗಟ್ಟಿ ಮಾಡಿಸುವುದೆಂದು ತೀರ್ಮಾನವಾಯಿತು. ಲಾರಿಗಳಿಗೂ ಜಟಕಾಗಳಿಗೂ ಕಮಾನು ಕಟ್ಟುತ್ತಿದ್ದ ಸಾಬರೊಬ್ಬರು ಊರಲ್ಲಿದ್ದರು, ಅವರನ್ನು ಕರೆಸಿದರು. ಹಿಂದಿನ ಚಕ್ರಗಳ ಮೇಲೆ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟೆಗಳಿರುತ್ತವೆ. ಅವನ್ನು ಕಳಚಿ ದಪ್ಪನೆಯ ಹೊಸ ಪಟ್ಟೆಗಳನ್ನು ಕೂರಿಸಿದರು. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗು, ನಾಲ್ಕು ಮೂಲೆಗೂ ಹೊಸ ಶಾಕು, ಬೊಂಬಾಯಿಯಿಂದ ಮರದ ಪೆಟ್ಟಿಗೆಯಲ್ಲಿ ಬಂದವು. ಹಳೆಯ ಸುರುಳಿಗಳನ್ನು ಬದಲಿಗೆ ಅಲ್ಲಿಗೇ ಕಳುಹಿಸಿದರು. ಹಳೆಯ ಪಟ್ಟೆಗಳು ಶೆಡ್ಡಿನಲ್ಲೇ ಉಳಿದವು. ಗಾಳಿಗೆ ಬಚ್ಚಲಮನೆಯ ತಗಡು ಹಾರದಿರಲಿ ಎಂದು ನಾನು ಅವನ್ನು ಮೇಲೆ ಭಾರಕ್ಕಿಟ್ಟುಕೊಂಡೆ.

"ಶಾಕು ಅಂದರೆ ಏನ್ರೀ?" ಎಂದು ಕಾಫಿ ಕೊಡುತ್ತಾ ಕೇಳಿದ್ದೆ.

"ಕಮಾನು ಕುಣಿಯೋ ಮಗು ಇದ್ದಂಗೆ. ಶಾಕು ಅದನ್ನ ಹಿಡಿದು ಕೂರಿಸೋ ತಾಯಿ" ಎಂದರು ನಮ್ಮ ಮನೆಯವರು. ಅವರಿಗೆ ಕೈತುಂಬ ಕೆಲಸವಿದ್ದರೆ ಮಾತು ಹಗುರವಾಗಿ ಬರುತ್ತಿತ್ತು.

ಕೆಲಸ ಮುಗಿದ ದಿನ ನಾನೇ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಹೊಸ ಕಮಾನಿಗೆ ಅರಿಶಿನ ಕುಂಕುಮ ಹಚ್ಚಿದೆ. ಚಿಕ್ಕ ಸಾಹುಕಾರರು ಮೈದಾನಕ್ಕೊಂದು ಸುತ್ತು ಹೋಗಿ ಬಂದು, "ಈಗ ಕಾರು ಒಳ್ಳೇದಾಯ್ತು" ಎಂದರು. ಒಳ್ಳೆಯದಾಯಿತು ಎಂದರೆ ಒಳ್ಳೆಯದಾಯಿತು, ನಾವೂ ಹಾಗೇ ನಂಬಿದೆವು.

ಅದೇ ದಿನಗಳಲ್ಲಿ ನಮ್ಮ ಅತ್ತೆಯವರ ಕಣ್ಣಿನ ಆಪರೇಷನ್ ಬಂತು.

ನಾನು ಮದುವೆಯಾಗಿ ಬಂದಾಗಲೇ ಅವರಿಗೆ ಎರಡು ಕಣ್ಣಿಗೂ ಪೊರೆ ಕಟ್ಟಿತ್ತು. ಮನೆ ತುಂಬಿಸಿಕೊಂಡ ದಿನ ನನ್ನ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿ, "ಹೂಂ, ಮುಖ ಐತೆ" ಎಂದಿದ್ದರು. ಸೇರಿದ್ದ ಹೆಂಗಸರೆಲ್ಲ ನಕ್ಕರು. ಅವರು ನಕ್ಕಿರಲಿಲ್ಲ. ಅವರಿಗೆ ಕಂಡದ್ದು ಅಷ್ಟೇ ಎಂದು ನನಗೆ ಆಮೇಲೆ ತಿಳಿಯಿತು.

ಎಡಗಣ್ಣಿಗೆ ಕೆಲವು ವರ್ಷ ಹಿಂದೆಯೇ ಆಪರೇಷನ್ ಆಗಿತ್ತು. ಚೆನ್ನಾಗಿಯೇ ಆಗಿತ್ತು. ಮನೆಗೆ ಬಸ್ಸಿನಲ್ಲಿ ಬಂದರು; ಸಿಕ್ಕಿದ್ದು ಹಿಂದಿನ ಸೀಟು. ಮರುದಿನ ಕಣ್ಣೊಳಗೆ ರಕ್ತ ಇಳಿದು, ನೋವು ತಡೆಯಲಾರದೆ ಗೋಡೆ ಹಿಡಿದು ಕೂತರು. ಆ ಕಣ್ಣು ಹೋಯಿತು. ಕುಲುಕಾಟಕ್ಕೆ ಹೊಲಿಗೆ ಬಿಟ್ಟಿರಬಹುದು, ಕೆಮ್ಮಿದ್ದಕ್ಕೂ ಇರಬಹುದು ಎಂದರು ವೈದ್ಯರು. ಯಾರ ತಪ್ಪೂ ಅಲ್ಲ. ಆದರೆ ಇನ್ನು ಉಳಿದದ್ದು ಒಂದೇ ಕಣ್ಣು. ಘಾಟಿ ಸುಬ್ರಹ್ಮಣ್ಯನಿಗೆ ಬೆಳ್ಳಿ ಕಣ್ಣು ಒಪ್ಪಿಸುತ್ತೇನೆಂದು ಹರಕೆ ಹೊತ್ತು, ಬಲಗಣ್ಣಿಗೆ ಒಪ್ಪಿಕೊಂಡರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ನಾದಿನಿ ಜೊತೆಗಿದ್ದಳು. ನಾನು ಆಗಾಗ ರೈಲಿನಲ್ಲಿ ಅನ್ನ ಸಾರು ಒಯ್ಯುತ್ತಿದ್ದೆ. ಅತ್ತೆಯವರ ಎರಡು ಕಣ್ಣಿಗೂ ಪಟ್ಟಿ. ತಲೆ ಅಲುಗದಿರಲೆಂದು ಕಿವಿಯ ಪಕ್ಕಕ್ಕೊಂದೊಂದು ಮರಳಿನ ಚೀಲ. ಊಟವನ್ನು ಚಮಚದಲ್ಲಿ ಬಾಯಿಗಿಡಬೇಕು. ಹಾಸಿಗೆಗೆ ಬೇರೆಯವರು ಕಾದಿದ್ದರು. "ಗುರುವಾರ ಕರ್ಕೊಂಡು ಹೋಗಿ" ಎಂದರು ವೈದ್ಯರು. "ಆದ್ರೆ ಮಲಗಿಸಿಕೊಂಡೇ ಹೋಗಬೇಕು. ತಲೆ ಕುಲುಕಬಾರದು. ಹೊಲಿಗೆ ಇನ್ನೂ ಹಸಿ."

ಬಸ್ಸು ಬೇಡವೇ ಬೇಡ. ರೈಲು ಹೊರಡುವಾಗ ಜಗ್ಗುತ್ತದೆ, ಇಳಿದ ಮೇಲೆ ಜಟಕಾ. ನಾವು ಯೋಚನೆಯಲ್ಲಿದ್ದಾಗ ಚಿಕ್ಕ ಸಾಹುಕಾರರೇ ಬಂದು ಹೇಳಿದರು: "ನನ್ನ ಕಾರು ತಗೊಂಡ್ಹೋಗಿ ಅಣ್ಣ. ಅಷ್ಟು ಕೆಲಸ ಮಾಡಿಸಿದೀವಲ್ಲ, ಅಮ್ಮ ತೊಟ್ಟಿಲಲ್ಲಿ ಮಲಗಿದಂಗೆ ಬರ್ತಾರೆ."

ಯಾರಿಗುಂಟು ಯಾರಿಗಿಲ್ಲ ಎಂದು ನಾನು ದೇವರಿಗೆ ಕೈಮುಗಿದೆ. ನಮ್ಮ ಮನೆಯವರು ಮಾತ್ರ ಶೆಡ್ಡಿಗೆ ಹೋಗಿ ಕಾರಿನ ಹಿಂಭಾಗವನ್ನು ಒತ್ತಿ ಒತ್ತಿ ನೋಡಿದರು. ಊಟಕ್ಕೆ ಕೂತಾಗ ಬಾಯಿಬಿಟ್ಟರು.

"ಓಟಕ್ಕೆ ಒಳ್ಳೇದಾಗಿದೆ ಕಣೆ ಅದು. ನಮ್ಮಮ್ಮನಿಗೆ ಒಳ್ಳೇದಾಗಿದೆಯೋ ಇಲ್ವೋ ಗೊತ್ತಿಲ್ಲ. ಕಮಾನು ಗಟ್ಟಿಯಾದ್ರೆ ತಿರುವಲ್ಲಿ ವಾಲಲ್ಲ. ಗುಂಡಿ ಬಂದ್ರೆ?"

"ಗುಂಡಿ ಬಂದ್ರೆ?"

"ಅದನ್ನೇ ನೋಡ್ಬೇಕು. ನಾನು ಮುಂದೆ ಕೂತು ಓಡಿಸೋನು. ಹಿಂದಿನ ಸೀಟಿನ ಕಷ್ಟ ನಂಗೇನು ಗೊತ್ತು?"

ಹೇಗೆ ನೋಡುವುದು ಎಂಬುದಕ್ಕೆ ದಾರಿ ಹೇಳಿದವಳು ನಾನೇ. ನಮ್ಮ ಮನೆಯಲ್ಲಿ ಷಷ್ಠಿಯ ದಿನ ಹೆಂಗಸರು ಬರಿಗಾಲಲ್ಲಿ ಹುತ್ತದವರೆಗೆ ನಡೆದು ಹಾಲೆರೆಯುವ ಪದ್ಧತಿ. ಚೊಂಬು ಕಂಠದ ತನಕ ಅಲ್ಲ, ಅಂಚಿನ ತನಕ ತುಂಬಿರಬೇಕು. ದಾರಿಯಲ್ಲಿ ಒಂದು ಹನಿ ಚೆಲ್ಲಿದರೂ ಅತ್ತೆಯವರು ಸದ್ದಿನಿಂದಲೇ ಕಂಡುಹಿಡಿದು, "ದೇವರ ಪಾಲು ನೆಲಕ್ಕಾ?" ಎನ್ನುತ್ತಿದ್ದರು. ಆ ಚೊಂಬನ್ನೇ ಹಿಡಿದು ಕಾರಿನಲ್ಲಿ ಕೂರುತ್ತೇನೆ ಎಂದೆ. ಹಾಲಿನ ಬದಲು ಅರಿಶಿನದ ನೀರು. ತೊಡೆಯ ಮೇಲೊಂದು ಬಿಳಿ ಪಂಚೆ. ಎಷ್ಟು ಚೆಲ್ಲಿತು ಎಂದು ಪಂಚೆಯೇ ಹೇಳುತ್ತದೆ.

ಚಿಕ್ಕ ಸಾಹುಕಾರರೂ ಕುತೂಹಲಕ್ಕೆ ಮುಂದಿನ ಸೀಟಿಗೆ ಹತ್ತಿದರು. ಬೆಂಗಳೂರು ದಾರಿಯ ರಾಜಾನುಕುಂಟೆಯ ಕಡೆ ಹೊರಟೆವು. ಊರು ಬಿಡುವ ಮುಂಚೆಯೇ ಮೋರಿಯ ಮೇಲೊಂದು ಏಟು. ನನ್ನ ಬೆನ್ನೆಲುಬೇ ಝುಮ್ಮೆಂದಿತು, ಅರಿಶಿನದ ನೀರು ಪಂಚೆ ದಾಟಿ ಸೀರೆ ದಾಟಿ ಸೀಟಿಗೆ ಇಳಿಯಿತು.

"ಅಕ್ಕಾ, ಸೀಟು! ಚರ್ಮದ ಸೀಟು ಅಕ್ಕಾ!" ಎಂದು ಅವರು ತಿರುಗಿ ನೋಡಿದರು. ಪಂಚೆ ಮದುವಣಗಿತ್ತಿಯ ಹಾಗೆ ಹಳದಿಯಾಗಿತ್ತು. ನಗುತ್ತಿದ್ದವರು ಅದನ್ನು ನೋಡಿ ತಣ್ಣಗಾದರು. "ಇಷ್ಟಾ?" ಎಂದರು. ಆಮೇಲೆ, "ಇದ್ರಲ್ಲಿ ಅಮ್ಮನ್ನ ಕರ್ಕೊಂಡು ಬರಕ್ಕಾಗಲ್ಲ" ಎಂದು ಅವರೇ ಹೇಳಿದರು.

ಗುರುವಾರ ಕಳೆದು ಬರುವ ಭಾನುವಾರವೇ ಅವರಿಗೆ ಓಟವಿತ್ತು. ಕಾರನ್ನು ಸಜ್ಜು ಮಾಡಿಸಿದ್ದೇ ಅದಕ್ಕಾಗಿ. ಆದರೂ ಶೆಡ್ಡಿಗೆ ಬಂದು ನಿಂತು, "ಎಲ್ಲಾ ಬಿಚ್ಚಿ ಹಳೇದೇ ಹಾಕ್ಬಿಡಿ ಅಣ್ಣ. ಓಟ ಇನ್ನೊಂದ್ಸಲ ಬರುತ್ತೆ" ಎಂದರು. ಯಾರೂ ಕೇಳಿಕೊಳ್ಳದೆ ಬಂದ ಮಾತು ಅದು. ಅದೊಂದು ದೇವರ ದಯೆ ಎಂದು ನಾನು ಅಂದೂ ಎಣಿಸಿಕೊಂಡೆ, ಈಗಲೂ ಎಣಿಸಿಕೊಳ್ಳುತ್ತೇನೆ.

ಸಾಬರನ್ನು ಮತ್ತೆ ಕರೆಸಿದಾಗ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ ಭಾಯ್, ಮೊನ್ನೆ ಗಟ್ಟಿ ಮಾಡು ಅಂದ್ರಿ, ಇವತ್ತು ಮೆತ್ತಗೆ ಮಾಡು ಅಂತೀರಿ. ಕಮಾನು ಏನು ಹೊಸ ಸೊಸೆನಾ, ಹೇಳ್ದಂಗೆಲ್ಲ ಕೇಳಕ್ಕೆ?"

ನಾನು ಕಿಟಕಿಯಿಂದ, "ಹೊಸ ಸೊಸೆಯೂ ಹೇಳಿದ್ದೆಲ್ಲ ಕೇಳಲ್ಲ ಸಾಬ್ರೇ" ಎಂದೆ.

"ಹೌದಮ್ಮಾ, ನನ್ ಮನೇಲೂ ಐತೆ" ಎಂದು ಬಗ್ಗಿ ಚಕ್ರ ಕಳಚತೊಡಗಿದರು. ವಿಷಯ ಕಣ್ಣಿನದೆಂದು ತಿಳಿದ ಮೇಲೆ ತಮಾಷೆ ನಿಲ್ಲಿಸಿದರು.

ಬಚ್ಚಲ ತಗಡಿನ ಮೇಲಿದ್ದ ಪಟ್ಟೆಗಳು ಕೆಳಗಿಳಿದವು. ತುಕ್ಕು ಉಜ್ಜಿ, ಪಟ್ಟೆಪಟ್ಟೆಯ ನಡುವೆ ಗ್ರೀಸು ಸವರಿ ಮತ್ತೆ ಜೋಡಿಸಿದರು. ಶಾಕುಗಳನ್ನು ಆದಷ್ಟು ಸಡಿಲ ಮಾಡಿದರು. ಮುಂದಿನ ಸುರುಳಿಗಳಿಗೆ ಏನೂ ಮಾಡುವ ಹಾಗಿರಲಿಲ್ಲ, ಹಳೆಯವು ಬೊಂಬಾಯಿ ಸೇರಿದ್ದವು. ಚಕ್ರದ ಗಾಳಿ ಸ್ವಲ್ಪ ಬಿಟ್ಟರು. "ಡಿಕ್ಕಿಯೊಳಗೆ ರಾಗಿ ಮೂಟೆ ಹಾಕಿ" ಎಂದರು ಸಾಬರು. "ಖಾಲಿ ಗಾಡಿ ಕುಣೀತದೆ, ತುಂಬಿದ ಗಾಡಿ ತೂಗ್ತದೆ."

ಬುಧವಾರ ಬೆಳಿಗ್ಗೆ ಮತ್ತೆ ಚೊಂಬು ಹಿಡಿದು ಕೂತೆ. ಅದೇ ಮೋರಿ, ಅದರಾಚೆಯ ರೈಲ್ವೆ ಗೇಟು, ರಾಜಾನುಕುಂಟೆಯವರೆಗೆ ಹೋಗಿ ಬಂದೆವು. ಪಂಚೆಯ ಮೇಲೆ ಮೂಗುಬೊಟ್ಟಿನಷ್ಟು ಒಂದು ಕಲೆ, ಅಷ್ಟೇ. ಚಿಕ್ಕ ಸಾಹುಕಾರರು ಪಂಚೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದರು. ನಾನು ಮನೆಗೆ ಬಂದವಳೇ ತುಪ್ಪದ ದೀಪ ಹಚ್ಚಿದೆ. ಅಂದು ಮಧ್ಯಾಹ್ನ ಊಟ ಒಯ್ದಾಗ ಆಸ್ಪತ್ರೆಯ ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ, ಕಾಲು ಅಷ್ಟು ಹಗುರವಾಗಿತ್ತು.

ಅತ್ತೆಯವರು ಮರಳಿನ ಚೀಲಗಳ ನಡುವೆ ಮಲಗಿ ಎಲ್ಲ ಕೇಳಿಸಿಕೊಂಡರು. ಕಮಾನು, ಗ್ರೀಸು, ರಾಗಿ ಮೂಟೆ, ಪಂಚೆಯ ಕಲೆ. ನಾನು ಹೇಳಿ ಮುಗಿಸಿದ ಮೇಲೆ ಕೇಳಿದರು.

"ಚೊಂಬು ಎಲ್ಲಿತ್ತು?"

"ನನ್ನ ಕೈಲಿ ಅತ್ತೆ. ಎರಡೂ ಕೈಲಿ ಹಿಡ್ಕೊಂಡಿದ್ದೆ."

"ಸೀಟಿನ್ ಮ್ಯಾಲೆ ಇಟ್ಟಿರ್ಲಿಲ್ವಾ?"

"ಇಲ್ಲ."

"ಹಂಗಾದ್ರೆ ಕಾರಿನ ಪರೀಕ್ಷೆ ಎಲ್ಲಾಯ್ತು ಕಣಮ್ಮಿ? ನಿನ್ ಕೈ ಪರೀಕ್ಷೆ ಆಯ್ತು. ಕಲ್ಲು ಮುಳ್ಳು ತುಳ್ಕೊಂಡು ಹುತ್ತಕ್ಕೆ ಹಾಲು ಹೊತ್ತೋಳು ನೀನು. ಕತ್ತೆ ಮ್ಯಾಲೆ ಕೂರಿಸಿದ್ರೂ ನಿನ್ ಕೈಯಾಗಿನ ಚೊಂಬು ಚೆಲ್ಲಾಕಿಲ್ಲ. ನನ್ ತಲೆ ಸೀಟಿನ್ ಮ್ಯಾಲಲ್ವಾ ಇರೋದು?"

ಮೂವರು ಕಾರಿನಲ್ಲಿದ್ದೆವು, ಮೂವರಿಗೂ ಹೊಳೆದಿರಲಿಲ್ಲ. ಮೊದಲ ಸಲ ಕೈಯೂ ತಡೆಯಲಾರದಷ್ಟು ಏಟು ಬಿದ್ದಿತ್ತು, ಅದಕ್ಕೇ ಚೆಲ್ಲಿತ್ತು. ಎರಡನೆಯ ಸಲ ಉಳಿದ ಏಟನ್ನೆಲ್ಲ ನನ್ನ ಮೊಣಕೈಗಳು ನುಂಗಿಕೊಂಡಿದ್ದವು. ಚೊಂಬು ಹಿಡಿದರೆ ಕೈ ತಾನಾಗಿ ಹಾಗೆ ಮಾಡುತ್ತದೆ, ನನ್ನನ್ನು ಕೇಳುವುದಿಲ್ಲ.

ಅತ್ತೆಯವರ ಕೈ ಕಂಬಳಿಯ ಮೇಲೆ ತಡಕಾಡುತ್ತಾ ನನ್ನ ಬೆರಳು ಹುಡುಕಿ ಹಿಡಿಯಿತು. ಅವರು ನನ್ನನ್ನು ಹಾಗೆ ಹಿಡಿದುಕೊಂಡದ್ದು ಅದೇ ಮೊದಲು. "ಇದೊಂದೇ ಕಣಮ್ಮಿ ಉಳಿದಿರಾದು" ಎಂದರು. ಅವರು ಹೆದರಿದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ವರಾಂಡದ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತುಬಿಟ್ಟೆ.

ಸಂಜೆ ಊರಿಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಚೊಂಬಿಗೆ ಅಂಚಿನ ತನಕ ನೀರು ತುಂಬಿಸಿಕೊಂಡು ಹೋಗಿ, ಸೀಟಿನ ಮೇಲೆ ಬಟ್ಟೆಯ ಸಿಂಬೆಯಲ್ಲಿ ಕೂರಿಸಿ, ರೈಲ್ವೆ ಗೇಟಿನವರೆಗೆ ಹೋಗಿ ಬಂದರು. ಚೊಂಬನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟರು. ನೀರು ಕಂಠದಿಂದ ಕೆಳಗಿಳಿದಿತ್ತು.

"ಮುಂದಿನ ಸ್ಪ್ರಿಂಗು ಏಟು ಕೊಡ್ತಿದೆ. ಇನ್ನು ನಾನು ಮಾಡೋದು ಏನೂ ಇಲ್ಲ" ಎಂದು ಕೈ ಒರೆಸಿಕೊಳ್ಳುತ್ತಾ ನಿಂತರು. ನಾಳೆ ಗುರುವಾರ.

ಬೆಳಿಗ್ಗೆ ಹೊರಡುವ ಮುಂಚೆ ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯಲು ಹೋದೆ. ಹಿಂದಿನ ದಿನದ ಮಳೆಗೆ ದಾರಿ ಜಾರುತ್ತಿತ್ತು, ಒಂದು ಕಡೆ ಕಾಲು ಜಾರಿಯೇ ಬಿಟ್ಟಿತು. ಮೈ ಒಂದು ಕಡೆ ಹೋಯಿತು, ಚೊಂಬು ಇದ್ದಲ್ಲೇ ಇತ್ತು. ಹಾಲಿನ ಕೆನೆ ಕೂಡ ಒಡೆದಿರಲಿಲ್ಲ. ನಾನು ಅಲ್ಲೇ ನಿಂತು ಅದನ್ನೇ ನೋಡಿದೆ. ಕಾರು ಸೋತರೆ ಸೋಲಲಿ, ಈ ಕೈ ಇದೆಯಲ್ಲ! ಚೊಂಬು ಬಂದ ಹಾಗೆ ತಲೆಯೂ ನನ್ನ ಕೈಯಲ್ಲೇ ಬರಲಿ. ದೇವರು ಉತ್ತರ ಕೊಡುವಾಗ ಹೀಗೆ ಕಾಲು ಜಾರಿಸಿಯೂ ಕೊಡುತ್ತಾನೆ.

ಆಸ್ಪತ್ರೆಯಲ್ಲಿ ಅತ್ತೆಯವರನ್ನು ಹಲಗೆಯ ಮೇಲೆ ಮಲಗಿಸಿ ತಂದು ಹಿಂದಿನ ಸೀಟಿನ ಹಾಸಿಗೆಗೆ ಇಳಿಸಿದರು. ಚಿಕ್ಕ ಮೈ, ಮಂಡಿ ಮಡಿಸಿದರೆ ಸರಿಹೋಯಿತು. ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಹೋದೆ.

"ತೊಡೆ ಮ್ಯಾಲೆ ಬ್ಯಾಡ" ಎಂದರು ಅತ್ತೆ. "ಸೊಸೆ ತೊಡೆ ಮ್ಯಾಲೆ ತಲೆ ಮಡಗೋದು ಕಡೇ ನೀರಿಗೆ. ನಾನಿನ್ನೂ ಹೊಂಟಿಲ್ಲ."

"ತೊಡೆ ಮೇಲಲ್ಲ ಅತ್ತೆ. ಕೈಯಲ್ಲಿ."

ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡು ಅಂಗೈ ಸೇರಿಸಿ ತಲೆಯ ಕೆಳಗೆ ತೂರಿಸಿದೆ. ಮೊಣಕೈ ಯಾವುದಕ್ಕೂ ತಾಗದ ಹಾಗೆ ಬಿಟ್ಟೆ. ದಿಂಬಿನಿಂದ ಒಂದು ಬೆರಳು ಮೇಲೆತ್ತಿದೆ. ತಲೆ ಚೊಂಬಿಗಿಂತ ಭಾರ. ಆದರೆ ಬಿಸಿಯಾಗಿತ್ತು.

ಮುಂದಿನ ಸೀಟಿನಲ್ಲಿ ಚಿಕ್ಕ ಸಾಹುಕಾರರು. ತಾನೂ ಬಂದೇ ಬರುತ್ತೇನೆ ಎಂದು ಹತ್ತಿದ್ದರು. ನಾನು ಕೆಳಗೆ ಕೂತಿದ್ದರಿಂದ ನನಗೆ ರಸ್ತೆ ಕಾಣುತ್ತಿರಲಿಲ್ಲ. ಅವರೇ ನನ್ನ ಕಣ್ಣಾದರು.

"ಅಕ್ಕಾ, ಮುಂದೆ ಗುಂಡಿ. ಎಡಚಕ್ರ. ಬಂತು... ಬಂತು... ಈಗ!"

"ಈಗ" ಎಂದಾಗ ನನ್ನ ಕೈ ತಗ್ಗಿ, ಏಟು ಕಳೆದು, ಮತ್ತೆ ಏಳುತ್ತಿತ್ತು. ನಮ್ಮ ಮನೆಯವರು ಓಟದ ಆ ಕಾರನ್ನು ಹೆಣ್ಣು ಕೇಳಲು ಹೋಗುವವರ ಹಾಗೆ ನಿಧಾನವಾಗಿ ಓಡಿಸುತ್ತಿದ್ದರು. ಯಲಹಂಕ ದಾಟಿದ ಮೇಲೆ ಹುಲ್ಲು ತುಂಬಿದ ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು.

"ಏನ್ ಗುರೂ, ಎತ್ತು ಬಿಚ್ಚಿ ಕೊಡ್ಲಾ?" ಎಂದು ಗಾಡಿಯವನು ಕೂಗಿದ.

"ಹೋಗಪ್ಪಾ ಹೋಗು, ಇವತ್ತು ನೀನೇ ಗೆದ್ದೆ" ಎಂದರು ಚಿಕ್ಕ ಸಾಹುಕಾರರು.

ಅತ್ತೆಯವರಿಗೆ ನಗು ಬಂದಿತು. "ನಗಬ್ಯಾಡಿ ಅತ್ತೆ, ಹೊಲಿಗೆ" ಎಂದು ಬೇಡಿಕೊಂಡೆ. ನಗು ನುಂಗಿಕೊಂಡರು. ರಾಜಾನುಕುಂಟೆಯ ಹೊತ್ತಿಗೆ ನನ್ನ ಭುಜದಿಂದ ಬೆರಳ ತುದಿಯವರೆಗೆ ಬೆಂಕಿ ಹತ್ತಿದಂತಿತ್ತು. ಕಾಲು ಯಾವಾಗಲೋ ಮರಗಟ್ಟಿತ್ತು. ಕಾರು ನಿಲ್ಲಿಸಿ ಎಂದು ಕೇಳಬಹುದಿತ್ತು. ಆದರೆ ತಲೆಯನ್ನು ಕೆಳಗಿಟ್ಟರೆ ಮತ್ತೆ ಎತ್ತಲು ಕೈಗೆ ಬಲ ಬರುತ್ತದೆಯೋ ಇಲ್ಲವೋ ಎಂದು ಭಯ. ಸುಬ್ರಹ್ಮಣ್ಯನ ಹೆಸರು ಹೇಳುತ್ತಾ ಕೂತೆ. ಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಲ್ಲಿ. ಅತ್ತೆಯವರೂ ತುಟಿಯಲ್ಲೇ ಜೊತೆ ಸೇರಿದರು. ನಮ್ಮಿಬ್ಬರ ಸ್ವರ ಒಂದಾದದ್ದು ನನಗೆ ನೆನಪಿರುವ ಮಟ್ಟಿಗೆ ಅಂದೇ.

"ಅಕ್ಕಾ, ರೈಲ್ವೆ ಗೇಟು. ಎರಡು ಸಲ ಏರಿಳಿಯುತ್ತೆ. ಈಗ!"

ಆಮೇಲೆ ಮೋರಿ. ಆಮೇಲೆ ಅತ್ತೆಯವರೇ ಹೇಳಿದರು, "ಊರು ಬಂತು ಕಣಮ್ಮಿ, ಮಗ್ಗದ ಸದ್ದು ಕೇಳ್ತೈತೆ. ಇನ್ನ ಕೈ ಬಿಡು."

ಬಿಡಲು ಆಗಲಿಲ್ಲ. ಬೆರಳು ಮಡಿಸಿಕೊಂಡೇ ಗಟ್ಟಿಯಾಗಿದ್ದವು. ನಮ್ಮ ಮನೆಯವರು ಬಂದು ಒಂದೊಂದಾಗಿ ಬಿಡಿಸಿದರು. ಅವರ ಕೈಗೆ ಅಂಟಿದ್ದ ಗ್ರೀಸು ನನ್ನ ಬೆರಳಿಗೂ ಅಂಟಿತು.

ಮರುದಿನ ಬೆಳಿಗ್ಗೆ ನಾನು ಕಿವಿಗೊಟ್ಟು ಕಾದೆ. ಅತ್ತೆಯವರು ನೋವು ಎನ್ನಲಿಲ್ಲ. ಅದರ ಮರುದಿನವೂ ಎನ್ನಲಿಲ್ಲ. ಭಾನುವಾರ ಚಿಕ್ಕ ಸಾಹುಕಾರರು ಓಟಕ್ಕೆ ಹೋಗದೆ, ಅತ್ತೆಯವರಿಗೆಂದು ಬಾಳೆಹಣ್ಣಿನ ಗೊನೆ ಹಿಡಿದು ಬಂದು, ಹೊಸ್ತಿಲಾಚೆಯಿಂದ "ಹೇಗಿದಾರೆ?" ಎಂದು ಪಿಸುದನಿಯಲ್ಲಿ ಕೇಳಿದರು. ದಪ್ಪ ಪಟ್ಟೆಗಳು ಕಾರಿಗೆ ವಾಪಸು ಹೋದದ್ದು ಆಮೇಲೆ. ಹಳೆಯವು ನನ್ನ ಬಚ್ಚಲ ತಗಡಿಗೆ ಮರಳಿದವು.

ಪಟ್ಟಿ ಬಿಚ್ಚಿ, ಕೆಲವು ವಾರಗಳಾದ ಮೇಲೆ ಬಾಟಲಿಯ ತಳದಂಥ ದಪ್ಪ ಕನ್ನಡಕ ಬಂತು. ಅತ್ತೆಯವರು ಮೊದಲು ನೋಡಿದ್ದು ಮಗನನ್ನು. ಆಮೇಲೆ ನನ್ನನ್ನು ಕರೆದು, ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು.

ಹರಕೆಗೆ ಘಾಟಿಗೆ ಹೋಗಿ ಬೆಳ್ಳಿ ಕಣ್ಣು ಒಪ್ಪಿಸಿದೆವು. ಆ ವರ್ಷದ ಷಷ್ಠಿಗೆ, "ಚೊಂಬು ನಾನೇ ಹೊರ್ತೀನಿ" ಎಂದು ಅತ್ತೆಯವರು ಹಟ ಹಿಡಿದರು. ದಪ್ಪ ಕನ್ನಡಕದಲ್ಲಿ ನೆಲ ಹತ್ತಿರ ಬಂದ ಹಾಗೆ ಕಾಣುತ್ತದಂತೆ, ಹೆಜ್ಜೆಗೆ ಲೆಕ್ಕ ಸಿಗುವುದಿಲ್ಲವಂತೆ. ಅರಳಿಕಟ್ಟೆ ದಾಟುವಾಗ ಎಡವಿದರು. ಹಾಲು ಚೆಲ್ಲಿ ಕೆಮ್ಮಣ್ಣಿನ ಮೇಲೆ ಹರಿಯಿತು. ನಾನು ಓಡಿ ಹೋಗಿ ತೋಳು ಹಿಡಿದೆ. ದೇವರ ಪಾಲು ನೆಲಕ್ಕಾಯಿತಲ್ಲ ಎಂದು ನೊಂದುಕೊಳ್ಳುತ್ತಾರೇನೋ ಎಂದುಕೊಂಡೆ.

ಅವರು ಬಗ್ಗಿ, ಕೆಂಪು ಮಣ್ಣಿನ ಮೇಲೆ ಬೆಳ್ಳಗೆ ಹರಿಯುತ್ತಿದ್ದ ಹಾಲನ್ನೇ ನೋಡುತ್ತಾ ನಿಂತಿದ್ದರು.

"ಚೆಲ್ಲಿದ್ದು ಕಾಣ್ತೈತೆ ಕಣಮ್ಮಿ" ಎಂದರು.